ಮೆಹೆಂದಿ ಮಾಸುವವರೆಗೆ

ನಾಗೇಂದ್ರಪ್ಪ ಸರ್‌ಗೆ ನಮಸ್ಕಾರ.

ನ್ಯಾಮತಿಗೆ ಸೊಸೆಯಾಗಿ ಬಂದ ತಿಂಗಳೇ ಎಷ್ಟು ಖುಷಿಯಿಂದ ನಿಮ್ಮ ಪ್ರಾಣಿ ಆಶ್ರಯಕ್ಕೆ ಸ್ವಯಂಸೇವಕಿಯಾಗಿ ಸೇರಿದೆ! ಆದರೆ ಪ್ರತಿ ಭಾನುವಾರ ನನಗೆ ಸಿಗುವುದು ಕುರ್ಚಿ, ಟೀ, ಬಾಳೆಹಣ್ಣು. ಸಾಕಾಗಿದೆ ಸರ್. ಪೊರಕೆ ಹಿಡಿದರೆ ಮಮತಾ ಅಕ್ಕ ಕಿತ್ತುಕೊಂಡು, "ಮೆಹೆಂದಿ ಮಾಸೋತನಕ ಮದುಮಗಳ ಕೈಲಿ ನಾಯಿಗೂಡು ತೊಳೆಸಾಕೆ ಆಗ್ತೈತೇನವ್ವಾ? ಸುಮ್ಕೆ ಕುಂತ್ಕೊ" ಎನ್ನುತ್ತಾರೆ. ಎಲ್ಲ ಗೂಡುಗಳನ್ನೂ ಅವರೊಬ್ಬರೇ ತೊಳೆಯಬೇಕು. ಕಾಲು ಮುರಿದ ಕಂದು ನಾಯಿ ಕಳೆದ ವಾರ ಸಂಜೆಯವರೆಗೂ ಒದ್ದೆ ಗೋಣಿಚೀಲದ ಮೇಲೆಯೇ ಮಲಗಿತ್ತು. ನಾನು ಟೀ ಕುಡಿಯುತ್ತಾ ನೋಡುತ್ತಿದ್ದೆ.

ನಿನ್ನೆ ಅಂಗೈಯ ಮೆಹೆಂದಿಯನ್ನು ನಿಂಬೆಹಣ್ಣಿನಿಂದ ತಿಕ್ಕಿ ತೆಗೆದೆ, ಅದರಲ್ಲಿದ್ದ ನನ್ನ ಗಂಡ ಶಾಹಿದ್ ಹೆಸರನ್ನೂ. ಹಣ್ಣು ಹಿಂಡಿಕೊಟ್ಟವರು ಶಾಹಿದ್ ಅವರೇ! ಈ ಭಾನುವಾರ ದಯವಿಟ್ಟು ಕುರ್ಚಿ ಹಾಕಿಸಬೇಡಿ. ಒಂದು ಬಕೆಟ್ ಇಡಿಸಿ.

ಇಂತಿ ನಿಮ್ಮ ಸ್ವಯಂಸೇವಕಿ,
ಶಾಯಿಸ್ತಾ