ಚಿಕ್ಕ ಸಿಲಿಂಡರ್

ಅಲ್ ಮನ್ಸೂರಾ, ದೋಹಾ
5 ಡಿಸೆಂಬರ್ 2005

ಪ್ರೀತಿಯ ಅಮ್ಮಾ,

ಗಂಟುನೋವು ಹೇಗಿದೆ? ಕಳಿಸಿದ ಎಣ್ಣೆ ಹಚ್ಚುತ್ತೀಯಾ, ಇಲ್ಲ ಬಾಟಲಿಯನ್ನು ದೇವರ ಹತ್ತಿರ ಇಟ್ಟು ಕೈಮುಗಿಯುತ್ತೀಯಾ? ತಂಗಿ ಅಶ್ವಿತಾ ಇದನ್ನು ಅವಸರ ಮಾಡದೆ ಓದಿ ಹೇಳಲಿ. ನಾನೂ ರಿತೇಶನೂ ಆರೋಗ್ಯವಾಗಿದ್ದೇವೆ. ಅಣ್ಣತಮ್ಮ ಇಬ್ಬರಿಗೂ ಒಂದೇ ರೂಮು. ಊಟಕ್ಕೆ ಕೊರತೆಯಿಲ್ಲ, ಮೀನಿಗೆ ಮಾತ್ರ ನಮ್ಮೂರಿನ ರುಚಿಯಿಲ್ಲ.

ಪಕ್ಕದ ಮನೆಯ ಚನಿಯಣ್ಣ ಹೇಗೆ ಹೋದರು ಎಂದು ನೀನು ಫೋನಿನಲ್ಲಿ ಕೇಳಿದ್ದೆ, ಆಗ ಹೇಳಲಾಗಲಿಲ್ಲ. ಬಂದರಿನಲ್ಲಿ ಹಡಗಿನ ಅಡಿ ಉಜ್ಜಲು ನನ್ನ ಜೊತೆಗೇ ಮುಳುಗಿದ್ದರು. ಬೆನ್ನ ಮೇಲಿನ ಸಿಲಿಂಡರಿನಿಂದ ಗಾಳಿ ಬರುವುದು ಇದ್ದಕ್ಕಿದ್ದಂತೆ ನಿಂತಿತು. ಅವರು ಊರಿನ ಅಭ್ಯಾಸದಂತೆ ಉಸಿರು ಕಟ್ಟಿ ಮೇಲಕ್ಕೆ ನುಗ್ಗಿದರು. ಬಂಡೆಯಿಂದ ಪಚ್ಚಿಲೆ ಚಿಪ್ಪು ಕೀಳುವಾಗ ನಾವೆಲ್ಲ ಹಾಗೇ ತಾನೇ ಮಾಡುವುದು? ಅಲ್ಲಿ ಮೇಲಿನ ಗಾಳಿ ಎಳೆದುಕೊಂಡು ಮುಳುಗುತ್ತೇವೆ, ಏನೂ ಆಗುವುದಿಲ್ಲ. ಇಲ್ಲಿ ನೀರಿನಡಿಯಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರಬರುತ್ತ ಹಿಗ್ಗುತ್ತದೆ. ಬಿಡುತ್ತಾ ಬರದಿದ್ದರೆ ಶ್ವಾಸಕೋಶ ಹರಿದುಹೋಗುತ್ತದೆ. ಅವರದ್ದು ಹರಿಯಿತು. ದೋಣಿಗೆ ಎಳೆದುಹಾಕಿದವನು ನಾನೇ. ಅಳು ಬರಲಿಲ್ಲ ಅಮ್ಮಾ, ಈಗಲೂ ಬರುತ್ತಿಲ್ಲ. ಉಣ್ಣುತ್ತೇನೆ, ಮಲಗುತ್ತೇನೆ, ಫೋರ್‌ಮನ್ ಬಂದು "ಯಲ್ಲಾ, ನಡಿ" ಎಂದರೆ ಏಳುತ್ತೇನೆ.

ಈಗ ಅವರ ಜಾಗಕ್ಕೆ ಫೋರ್‌ಮನ್ ನಮ್ಮ ರಿತೇಶನ ಹೆಸರು ಹಾಕಿದ್ದಾನೆ. ಇಷ್ಟು ದಿನ ದೋಣಿಯಲ್ಲಿ ಹಗ್ಗ ಹಿಡಿದಿದ್ದವನು ಕುಣಿಯುತ್ತಾ ಒಪ್ಪಿಕೊಂಡ. ನಾನು ಬೇಡ ಎಂದದ್ದು ಯಾರಿಗೂ ಕೇಳಿಸಲಿಲ್ಲ. ಅದಕ್ಕೇ ಒಂದು ಚಿಕ್ಕ ಸಿಲಿಂಡರ್ ತಂದು ಅವನ ದೊಡ್ಡದರ ಪಕ್ಕಕ್ಕೆ ಪಟ್ಟಿ ಬಿಗಿದು ಕಟ್ಟಿದ್ದೇನೆ. ಅದಕ್ಕೆ ಬೇರೆಯೇ ರೆಗ್ಯುಲೇಟರ್, ಬೇರೆಯೇ ಕೊಳವೆ. ದೊಡ್ಡದು ಕೈಕೊಟ್ಟರೂ ಇದು ನಡೆಯುತ್ತದೆ. ಬಾಯಿಗಿಡುವ ತುದಿಯನ್ನು ರಬ್ಬರಿನಲ್ಲಿ ಗಲ್ಲದ ಕೆಳಗೇ ತೂಗುಹಾಕಿದ್ದೇನೆ, ಕಣ್ಣು ಮುಚ್ಚಿದರೂ ಸಿಗಬೇಕು. ವಾಲ್ವ್ ತೆರೆದು, ಗಾಳಿಯ ಒತ್ತಡ ತೋರಿಸುವ ಮುಳ್ಳು ನೋಡಿ, ಸೋಪಿನ ನೀರು ಹಚ್ಚಿ ಎಲ್ಲಾದರೂ ಗುಳ್ಳೆ ಏಳುತ್ತದೆಯೇ ಎಂದು ಪರೀಕ್ಷೆ ಮಾಡಿದೆ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತದೆ, ಒಳಗೆ ಏನೂ ಅನಿಸುವುದಿಲ್ಲ.

ನಿನ್ನೆ ಎದೆಮಟ್ಟದ ನೀರಿನಲ್ಲಿ ಅವನನ್ನು ಕೂರಿಸಿ ದೊಡ್ಡದರ ಗಾಳಿ ನಿಲ್ಲಿಸಿದೆ. ಅವನು ಚಿಕ್ಕದಕ್ಕೆ ಕೈಯೇ ಹಾಕಲಿಲ್ಲ. ಬಾಯಿ ಬಿಗಿದು ಉಸಿರು ಕಟ್ಟಿ ಕೂತ, ಹಾಗೇ ಎದ್ದು ಬಂದ. ಬೈದು ಮತ್ತೆ ಮಾಡಿಸಿದೆ, ಮತ್ತೂ ಅದೇ. "ನಾನು ಅಮ್ಮನ ಮಗ, ಇದೆಲ್ಲ ಯಾಕೆ ಅಣ್ಣ?" ಎಂದು ನಕ್ಕ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಿನ್ನ ಹೆಗ್ಗಣಕ್ಕೆ ಮುದ್ದು ಸ್ವಲ್ಪ ಜಾಸ್ತಿಯೇ ಆಗಿದೆ.

ಅಶ್ವಿತಾಳಿಗೆ ನನ್ನ ಪ್ರೀತಿ. ನಿನ್ನ ಕಾಲು ಮುಟ್ಟಿ,

ಯಜ್ಞೇಶ

ತಾ.ಕ.: ಇಲ್ಲಿ ಕೆಳಗಿನ ಮನೆಯ ಜರ್ಟ್ರೂಡ್ ಬಾಯಿ ಊರಿಗೆ ಬರಲು ವಿಮಾನಕ್ಕೆ ಹೊರಟು ನಿಂತಿದ್ದಾರೆ, ಅವರ ಕೈಯಲ್ಲೇ ಇದನ್ನು ಕೊಡುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ರಿತೇಶ ಪಕ್ಕದಲ್ಲೇ ಇರುತ್ತಾನೆ, ನಾನು ಹೇಳಿಸಿದ್ದು ಎಂದು ಗೊತ್ತಾದರೆ ಹಟ ಹಿಡಿಯುತ್ತಾನೆ. ಶುಕ್ರವಾರ ಅವನು ಮಾತಾಡುವಾಗ ನೀನಾಗಿಯೇ ಹೇಳು, ಉಸಿರು ಕಟ್ಟಬೇಡ, ಬಿಡುತ್ತಾ ಬಾ ಎಂದು. ನಮಗಿಬ್ಬರಿಗೂ ಉಸಿರು ಕಟ್ಟುವುದನ್ನು ಕಲಿಸಿದವಳು ನೀನು, ಬೇರೆ ಯಾರು ಹೇಳಿದರೂ ಅವನು ಬಿಡುವುದಿಲ್ಲ. ಶನಿವಾರ ಬೆಳಿಗ್ಗೆ ಮುಳುಗುತ್ತಾನೆ.