ಡಾಕ್ಟರಮ್ಮನ ಕಾರಿಗೆ ಸಿಡಿ ಚೇಂಜರ್

ಭಾನುವಾರ, ಜೂನ್ ೮

ಮುದ್ದು ಮಗಳೇ,

ಅಂಗಡಿ ಮುಚ್ಚಿ ಇಬ್ಬರೂ ನಿನ್ನ ಮನೆಗೆ ಬಂದುಬಿಡಿ ಎಂದು ಬರೆದಿದ್ದೀಯ. ನಿನ್ನ ಅಕ್ಕರೆ ತಿಳಿಯದವಳಲ್ಲ ನಾನು. ಬಲಗೈ ಸೋತ ಮೇಲೆ ಅಪ್ಪ ಮಹಡಿಯಿಂದ ಕೆಳಗಿನ ಅಂಗಡಿಗೆ ಇಳಿದೇ ಇರಲಿಲ್ಲ. ಊರಿನ ಅರ್ಧ ಕಾರುಗಳಿಗೆ ಸ್ಟೀರಿಯೊ ಕೂರಿಸಿದ ಮನುಷ್ಯ ಗೋಡೆ ನೋಡುತ್ತ ಮಲಗಿದರೆ ನನಗೂ ಕರುಳು ಚುರುಕ್ಕೆನ್ನುತ್ತದೆ. ಮುಚ್ಚೋಣ ಅಂತ ಅವರೂ ಹೇಳಿಯಾಗಿತ್ತು. ಆದರೆ ನಿನ್ನೆ ನಡೆದದ್ದನ್ನು ಓದಿ ಆಮೇಲೆ ಮಾತಾಡು.

ಹಲ್ಲಿನ ಡಾಕ್ಟರಮ್ಮ ಕಾರು ತಂದರು. ಕಾರಿನ ಜೊತೆಗೇ ಬಂದ ಸ್ಟೀರಿಯೊ ಬದಲಿಸೋದು ಬೇಡ, ಅದಕ್ಕೇ ಆರು ಸಿಡಿ ಒಂದಾದ ಮೇಲೊಂದು ಹಾಡಿಸೋ ಚೇಂಜರ್ ಪೆಟ್ಟಿಗೆ ಜೋಡಿಸೋಕಾಗುತ್ತಾ ಅಂತ ಕೇಳಿದರು. ಮೇಲೆ ಹೋಗಿ ಅಪ್ಪನನ್ನು ಕರೆದೆ. ನನ್ ಕೈಲಿ ಆಗಲ್ಲ, ವಾಪಸ್ ಕಳಿಸು ಅಂದು ಮಗ್ಗುಲು ಬದಲಿಸಿದರು. ನಾನು ಕೆಳಗೆ ಬಂದು, ಧಾರಾಳವಾಗಿ ಆಗುತ್ತೆ, ನಾನೇ ಹಾಕ್ತೀನಿ ಅಂದೆ.

ನಗಬೇಡ. ಇಷ್ಟು ವರ್ಷ ಅದೇ ಅಂಗಡಿಯ ಮೂಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವಳು ಕಣ್ಣು ಮುಚ್ಚಿಕೊಂಡು ಕೂತಿರಲಿಲ್ಲ. ಸ್ಟೀರಿಯೊದ ಎರಡೂ ಬದಿಗೆ ಅದನ್ನು ಬಿಡಿಸುವ ಕೀಲಿ ಚುಚ್ಚಿ, ಒಂದು ಗೀರೂ ಬೀಳದಂತೆ ಹೊರಗೆಳೆದೆ. ಡಾಕ್ಟರಮ್ಮ ತಮ್ಮದೇ ಹಲ್ಲನ್ನು ಯಾರೋ ಕೀಳುತ್ತಿದ್ದಾರೇನೋ ಎಂಬಂತೆ ನೋಡುತ್ತಿದ್ದರು. ಅದರ ಬೆನ್ನಿಗೆ ಚೇಂಜರ್‌ಗೆಂದೇ ಬಿಟ್ಟ ಸಾಕೆಟ್ ಇತ್ತು. ಡಿಕ್ಕಿಯಲ್ಲಿ ಪೆಟ್ಟಿಗೆ ಬಿಗಿದೆ. ಅಲ್ಲಿಂದ ಕೇಬಲ್ ತರಲು ಅಪ್ಪ ಸೀಟುಗಳನ್ನೆಲ್ಲ ಬಿಚ್ಚಿ ಹರವುತ್ತಿದ್ದರಲ್ಲ, ನಾನು ಒಂದನ್ನೂ ಬಿಚ್ಚಲಿಲ್ಲ. ಕೇಬಲ್ಲಿನ ತುದಿಗೆ ದಪ್ಪ ಪಿನ್ನು ಸಿಕ್ಕಿಸಿ, ಪೈಜಾಮಕ್ಕೆ ಲಾಡಿ ಪೋಣಿಸುವ ಹಾಗೆ ಕಾರ್ಪೆಟ್ಟಿನಡಿ ತಡವಿ ತಡವಿ ಮುಂದಕ್ಕೆ ತಂದೆ. ಈ ಉಪಾಯ ನಿನ್ನಪ್ಪನಿಗೆ ಒಂದು ದಿನವೂ ಹೊಳೆದಿರಲಿಲ್ಲ.

ಗುಂಡಿ ಒತ್ತಿದರೆ ಮಹಡಿಗೂ ಕೇಳುವಂಥ ಗರಗರ ಸದ್ದು. ಹಾಡಿಲ್ಲ. ಮತ್ತೆ ಒತ್ತಿದೆ, ಮತ್ತೂ ಗರಗರ. ಡಾಕ್ಟರಮ್ಮ ಮುಖ ಸಿಂಡರಿಸಿ, ಬೇರೆ ಕಡೆ ತೋರಿಸ್ತೀನಿ ಬಿಡಿ ಅಂದರು. ಅಷ್ಟರಲ್ಲಿ ಅಪ್ಪ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಬಂದರು. ಸಾಗಿಸುವಾಗ ಒಳಗಿನ ಯಂತ್ರ ಅಲುಗದಿರಲೆಂದು ಕಂಪನಿಯವರು ಕೆಂಪು ಸ್ಕ್ರೂ ಬಿಗಿದಿರುತ್ತಾರೆ, ಅದನ್ನ ತೆಗೆದ್ಯೇನೇ ಅಂತ ಕೇಳಿದರು. ಮರೆತೇಬಿಟ್ಟೆ ಅಂದೆ. ಇಷ್ಟು ವರ್ಷ ಇಲ್ಲಿ ಕೂತು ಏನ್ ಕತ್ತೆ ಕಾಯ್ತಿದ್ಯಾ ಅಂತ ಗಿರಾಕಿಯ ಮುಂದೆಯೇ ತರಾಟೆಗೆ ತೆಗೆದುಕೊಂಡರು. ಎಡಗೈಯಲ್ಲಿ ಸ್ಕ್ರೂಡ್ರೈವರ್ ಹಿಡಿದರು. ಜಾರಿತು. ಮತ್ತೆ ಜಾರಿತು. ನಾನು ಕೈ ಹಾಕಲಿಲ್ಲ. ಆಮೇಲೆ ತಿರುಗಿತು.

ಹಾಡು ಬಂದಾಗ ಅವರ ಮುಖ ನೋಡಬೇಕಿತ್ತು ನೀನು. ಇವತ್ತು ರಜೆಯಾದರೂ ಷಟರ್ ಎತ್ತು ಅಂತ ಬೆಳಿಗ್ಗೆಯೇ ನನ್ನನ್ನು ಎಬ್ಬಿಸಿ, ಸಾಮಾನನ್ನೆಲ್ಲ ಎಡಗೈಗೆ ಎಟಕುವಂತೆ ಜೋಡಿಸಿಕೊಳ್ಳುತ್ತಿದ್ದಾರೆ. ಆದ್ದರಿಂದ ನಾವು ಬರುವುದಿಲ್ಲ. ನೀನೇ ಬಂದು ಹೋಗು. ಅವರ ಮೇಲೆ ನನಗೆ ಹೆಮ್ಮೆಯಾಗಿದೆ, ನನ್ನ ಮೇಲೂ ಕಡಿಮೆಯೇನಿಲ್ಲ.

ನಿನ್ನ ಅಮ್ಮ,
ದರ್ಜಿ ಮತ್ತು ಮೆಕ್ಯಾನಿಕ್

ತಾ.ಕ.: ಮರೆತದ್ದನ್ನೂ ಬರೆದ್ಯಲ್ಲ, ಪರವಾಗಿಲ್ಲ ಅಂತ ಅಪ್ಪ ಪತ್ರ ಓದಿ ನಕ್ಕು ಕೆಳಗೆ ಹೋದರು. ಇದು ನಿನ್ನಲ್ಲೇ ಇರಲಿ. ಆ ಕೆಂಪು ಸ್ಕ್ರೂ ಅವರು ತೆಗೆಯುವುದನ್ನು ನಾನು ಎಷ್ಟು ಸಲ ನೋಡಿಲ್ಲ? ಬೇಕೆಂದೇ ಬಿಟ್ಟಿದ್ದೆ. ಡಾಕ್ಟರಮ್ಮ ನನ್ನನ್ನು ದಡ್ಡಿ ಅಂದುಕೊಂಡು ಹೋಗಿದ್ದಾರೆ. ಅಂದುಕೊಳ್ಳಲಿ. ನೀನು ಮಾತ್ರ ಹಾಗೆ ಅಂದುಕೊಳ್ಳಬೇಡ.