ಹಗೇವಿನ ಮೇಲೆ ತೊಟ್ಟಿಲು ಕಟ್ಟಬೇಕೋ ಬೇಡವೋ?

ಮನೆಯೊಳಗಿನ ಗಾಳಿ ಅಳೆಯುವ ಕಚೇರಿಯ ಮಾನ್ಯ ಅಧಿಕಾರಿಗಳೇ,

ನಮ್ಮ ಮನೆಯ ರೇಡಾನ್ ಲೆಕ್ಕವನ್ನು ತಾವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ: ‘ಪೆಟ್ಟಿಗೆಯನ್ನು ತಪ್ಪು ಜಾಗದಲ್ಲಿ ಇಟ್ಟಿದ್ದರಿಂದ ಫಲಿತಾಂಶ ಅಮಾನ್ಯ, ಮರುತಪಾಸಣೆ ಮುಂದಿನ ವರ್ಷ.’ ತಪ್ಪು ನಮ್ಮದೇ, ಒಪ್ಪಿದೆ. ಆದರೆ ದಿನದಿನದ ಹಾಲಿನ ಲೆಕ್ಕ ಬರೆದಿಟ್ಟೇ ಒಂದು ಎಮ್ಮೆಯಿಂದ ಹನ್ನೊಂದಕ್ಕೆ ಬಂದವನು ನಾನು. ಕಣ್ಣಿಗೆ ಬಿದ್ದ ಅಂಕಿಯನ್ನು ಇಲ್ಲವೆನ್ನಲು ನನಗೆ ಬರುವುದಿಲ್ಲ.

ನಡೆದದ್ದು ಇಷ್ಟು. ನೆಲದಡಿಯಿಂದ ರೇಡಾನ್ ಎಂಬ ಬಣ್ಣ, ವಾಸನೆ ಇಲ್ಲದ ಅನಿಲವೊಂದು ಮನೆಯೊಳಗೆ ಏರಿಬರುತ್ತದೆ, ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶಕ್ಕೆ ಕ್ಯಾನ್ಸರ್ ತರಬಹುದು ಎಂದು ತಿಳಿಸಿ, ತಮ್ಮ ಸಿಬ್ಬಂದಿ ಅದನ್ನು ಅಳೆಯುವ ಅಂಗೈಯಗಲದ ಪೆಟ್ಟಿಗೆ ಕೊಟ್ಟುಹೋದರು. “ಸರಕಾರದ್ದೈತ್ರಿ, ಮೂರ ತಿಂಗಳ ಜ್ವಾಕಿ ಮಾಡ್ರಿ” ಎಂದರು. ನನ್ನ ಹೆಂಡತಿ ಕೆಂಪವ್ವ ಹಾಗೆಯೇ ಮಾಡಿದಳು. ನಮ್ಮಲ್ಲಿ ಜೋಪಾನವೆಂದರೆ ಹಗೇವು: ಜೋಳ ತುಂಬಿಡಲು ನನ್ನ ಅಜ್ಜ ಕೋಣೆಯ ನೆಲದಡಿ ತೋಡಿಸಿದ ಆಳದ ಗುಂಡಿ. ಈಗ ಅದರಲ್ಲಿ ಜೋಳವಿಲ್ಲ. ಬಾಯಿಗೆ ಹಾಸುಗಲ್ಲು ಎಳೆದ ಮೇಲೆ ತಮ್ಮ ಪೆಟ್ಟಿಗೆ ತೊಂಬತ್ತು ದಿನ ಒಳಗೆ ಸುಖವಾಗಿತ್ತು. ಅಂಕಿ ಮಿತಿಯ ಐದು ಪಟ್ಟು ಬಂತು.

ಕಳ್ಳ ಅಡಗಿದ ಜಾಗವನ್ನೇ ನಾವು ಹಿಡಿದುಕೊಟ್ಟರೆ, ಪಡಸಾಲೆಯಲ್ಲಿ ಯಾಕೆ ಹುಡುಕಲಿಲ್ಲ ಎಂದು ಗದರುವುದೇ? ಅದೇ ಕೋಣೆಯಲ್ಲಿ ನಮ್ಮ ಮಗಳು ಭಾಗ್ಯಾಳ ಬಾಣಂತನ. ಹೆರಿಗೆಗೆ ಇನ್ನು ಹದಿನೆಂಟು ದಿನ. ಬಾಣಂತಿಗೆ ಗಾಳಿ ಸೋಕಬಾರದೆಂದು ನಮ್ಮಲ್ಲಿ ಕಿಟಕಿಗೆ ಗೋಣಿಚೀಲ ತುರುಕುತ್ತಾರೆ. “ಈ ಸಲ ಕಿಟಕಿ ತಗೀಬೇಕಂತ” ಎಂದು ಅಂಜುತ್ತಲೇ ಹೇಳಿದೆ.

ಕೆಂಪವ್ವ ಕೇಳಿದಳು: “ಮಾವಾರು ಹಗೇವಿಗೆ ಇಳಿಯೂಮುಂದ ಏನ್ ಮಾಡತಿದ್ರು?”

“ಅಪ್ಪ ಮೊದಲ ಕಲ್ಲ ಸರಸಿ, ಗಾಳಿ ಆಡಾಕ ಬಿಡತಿದ್ದ.”

“ಮತ್ತ? ಜ್ವಾಳಾ ತಗಿಯೂ ಗಂಡಸಿಗೆ ಗಾಳಿ ಬೇಕು, ನನ್ನ ಮಗಳಿಗೆ ಬ್ಯಾಡೇನ್ರಿ? ಹೋಗ್ರಿ, ಆ ಎಮ್ಮಿ ಫ್ಯಾನ್ ಬಿಚ್ಚಿ ತರ್ರಿ!”

ಆಗ ಜೋಳದ ಗುಂಡಿಯಲ್ಲಿ ಕಟ್ಟುತ್ತಿದ್ದ ಕೆಟ್ಟ ಗಾಳಿ ಬೇರೆ, ತಮ್ಮ ರೇಡಾನ್ ಬೇರೆ, ಗೊತ್ತು. ಉಪಾಯ ಮಾತ್ರ ಒಂದೇ. ತಮ್ಮ ಕರಪತ್ರದ ಚಿತ್ರದಂತೆ ಹಗೇವಿನಿಂದ ಮಾಳಿಗೆಯ ಮೇಲಕ್ಕೆ ಪೈಪು ಏರಿಸಿ, ತುದಿಗೆ ಕೊಟ್ಟಿಗೆಯ ಫ್ಯಾನು ಕೂರಿಸಿ, ಹಾಸುಗಲ್ಲಿನ ಸುತ್ತ ಸಿಮೆಂಟು ಮೆತ್ತಿದ್ದೇವೆ. ಎಮ್ಮೆಗಳು ಮುನಿಸಿಕೊಂಡಿವೆ, ಸಂಜೆಯ ಹಾಲಿನಲ್ಲಿ ಅದನ್ನು ತೋರಿಸುತ್ತಿವೆ.

ಅನಿಲ ಇಳಿಯಿತೋ ಇಲ್ಲವೋ, ಮೂಗಿಗೆ ತಿಳಿಯದು. ಎರಡು ದಿನದಲ್ಲಿ ಅಂಕಿ ಹೇಳುವ ಯಂತ್ರ ತಮ್ಮ ಕಪಾಟಿನಲ್ಲಿದೆಯೆಂದು ಅದೇ ಕರಪತ್ರ ಹೇಳುತ್ತದೆ. ಅಷ್ಟೊಂದು ಜೋಪಾನ ಕೆಂಪವ್ವನೂ ಮಾಡಿರಲಿಲ್ಲ! ಹೆರಿಗೆಗೆ ಮುಂಚೆ ಅದನ್ನು ತಂದು, ತಮಗೆ ಸರಿಯೆನಿಸಿದ ಜಾಗದಲ್ಲಿ ತಾವೇ ಇಟ್ಟು ಅಳೆಯಿರಿ. ಹೆರಿಗೆಯನ್ನು ಮುಂದಿನ ವರ್ಷಕ್ಕೆ ಹಾಕಲು ಭಾಗ್ಯಾ ಒಪ್ಪುತ್ತಿಲ್ಲ.

ಇಂತಿ,
ತೊಟ್ಟಿಲ ಕೊಕ್ಕೆ ಕೈಯಲ್ಲಿ ಹಿಡಿದು ಜಂತಿ ನೋಡುತ್ತ ನಿಂತಿರುವ ಅಜ್ಜ,
ಕಾಮಣ್ಣ, ಏಕಸಂಬಿ